ಕಣ್ಕಟ್ಟಿನ ವಿದ್ಯೆ ವಿದ್ಯಾನಿಲಯವನ್ನು ಹೊಕ್ಕ ಬಗೆ

ಪ್ರಾಚೀನರು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಇಂದ್ರಜಾಲವೂ ಒಂದು. ಎಣಿಕೆಯಲ್ಲಿ ಅದಕ್ಕೆ ಗೀತ, ವಾದ್ಯ, ಚಿತ್ರಲೇಖನಗಳ ಪಂಕ್ತಿಯಲ್ಲಿಯೇ ಮಣೆ ಹಾಕಿದ್ದರೂ, ಲೋಕವ್ಯವಹಾರದಲ್ಲಿ ಅದು ಬೀದಿಯ ಗಾರುಡಿಗನ ಜೋಳಿಗೆಯೊಳಗೆಯೇ ಉಳಿಯಿತು. ಗುಟ್ಟು ಹೊರಬಿದ್ದರೆ ಗಾರುಡಿಗನ ಹೊಟ್ಟೆಗೆ ಹಿಟ್ಟಿಲ್ಲ. ಆದುದರಿಂದ ಆ ವಿದ್ಯೆಯು ತಂದೆಯಿಂದ ಮಗನಿಗೆ, ಬಾಯಿಂದ ಕಿವಿಗೆ ಹರಿಯಿತೇ ಹೊರತು ಓಲೆಯ ಮೇಲಕ್ಕೆ ಇಳಿದುದು ಕಡಮೆ. ಇಂದಾದರೋ ಇಂಗ್ಲೆಂಡು, ಅಮೆರಿಕ, ಕೆನಡಾ ಮೊದಲಾದ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಚಲಚ್ಚಿತ್ರದ ಕಣ್ಕಟ್ಟು ‘ವಿಷುಯಲ್ ಎಫೆಕ್ಟ್ಸ್’ ಎಂಬ ಹೆಸರಿನಿಂದ ಪಾಠಕ್ರಮವುಳ್ಳ ಶಾಸ್ತ್ರವಾಗಿದೆ. ಪರೀಕ್ಷೆ, ಪದವಿಗಳು ಅದಕ್ಕೂ ಉಂಟು. ಬೆಂಗಳೂರಿನ ಮನೆಗಳಲ್ಲಿಯೂ ಮಗಳು ಈ ವಿದ್ಯೆಯನ್ನು ಓದುವೆನೆಂದಾಗ, ಇದರಿಂದ ಅನ್ನ ಹುಟ್ಟುವುದೇ ಎಂದು ತಂದೆತಾಯಿಗಳು ಕೇಳುತ್ತಾರೆ. ಆ ಪ್ರಶ್ನೆಯು ಹೊಸದಲ್ಲ. ಗುಟ್ಟಾಗಿದ್ದ ವಿದ್ಯೆಯು ಬಯಲಿಗೆ ಬಂದ ಚರಿತ್ರೆಯುದ್ದಕ್ಕೂ ಅದು ಬೆನ್ನುಹತ್ತಿ ಬಂದಿದೆ.

ಈ ಚರಿತ್ರೆಯ ಆದಿಪುರುಷನು ಪ್ಯಾರಿಸ್ಸಿನ ಜಾರ್ಜ್ ಮೆಲಿಯೆಸ್. ಪಾದರಕ್ಷೆಗಳ ಕಾರ್ಖಾನೆಯ ಒಡೆಯನ ಮಗನಾಗಿ ೧೮೬೧ರಲ್ಲಿ ಹುಟ್ಟಿದ ಇವನಿಗೆ ಚಿತ್ರಕಲೆಯ ಶಾಲೆಯನ್ನು ಸೇರಬೇಕೆಂಬ ಆಸೆಯಿತ್ತು, ತಂದೆಯು ಒಪ್ಪಲಿಲ್ಲ. ೧೮೮೪ರಲ್ಲಿ ಲಂಡನ್ನಿಗೆ ಹೋದವನು ಅಲ್ಲಿನ ಈಜಿಪ್ಷಿಯನ್ ಹಾಲಿನ ಯಕ್ಷಿಣಿ ಪ್ರದರ್ಶನಗಳಿಗೆ ಮನಸೋತು ಹಿಂದಿರುಗಿದನು. ೧೮೮೮ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಯಕ್ಷಿಣಿ ರಂಗಶಾಲೆಯೊಂದನ್ನೇ ಕೊಂಡನು. ೧೮೯೫ರ ಡಿಸೆಂಬರ್ ೨೮ರಂದು ಲ್ಯೂಮಿಯೇರ್ ಸೋದರರ ಚಲಚ್ಚಿತ್ರವನ್ನು ಕಂಡ ಮೇಲೆ ಅವನ ಬಾಳಿನ ದಾರಿಯೇ ಬದಲಾಯಿತು. ಒಮ್ಮೆ ಬೀದಿಯ ಚಿತ್ರವನ್ನು ತೆಗೆಯುತ್ತಿರಲು ಯಂತ್ರವು ಅರೆಕ್ಷಣ ಸಿಕ್ಕಿಕೊಂಡಿತೆಂದೂ, ತೆರೆಯ ಮೇಲೆ ನೋಡಿದಾಗ ಜನರನ್ನು ಸಾಗಿಸುವ ಬಂಡಿಯು ಶವದ ಬಂಡಿಯಾಗಿ ಮಾರ್ಪಟ್ಟಿತ್ತೆಂದೂ, ಕಣ್ಕಟ್ಟಿನ ಮರ್ಮವು ತನಗೆ ಹಾಗೆ ಹೊಳೆಯಿತೆಂದೂ ಅವನು ೧೯೦೭ರಲ್ಲಿ ಬರೆದನು. ಈ ಕಥೆಯು ನಂಬಲು ಕೊಂಚ ಅತಿಯಾಗಿ ಸೊಗಸಾಗಿದೆ. ಎಡಿಸನ್ನನ ಸಂಸ್ಥೆಯವರು ೧೮೯೫ರಲ್ಲಿಯೇ ಸ್ಕಾಟ್ಲೆಂಡಿನ ರಾಣಿ ಮೇರಿಯ ಶಿರಚ್ಛೇದವನ್ನು ಇದೇ ಉಪಾಯದಿಂದ ತೋರಿಸಿದ್ದರು. ಯಕ್ಷಿಣಿಗಾರನು ತನ್ನ ಗುಟ್ಟಿನ ಹುಟ್ಟನ್ನು ಹೇಳುವಾಗಲೂ ಯಕ್ಷಿಣಿಯನ್ನೇ ಆಡುತ್ತಾನೆಂದು ತೋರುತ್ತದೆ.

ಮೆಲಿಯೆಸನು ೧೯೦೨ರಲ್ಲಿ ಚಂದ್ರಲೋಕದ ಯಾತ್ರೆಯನ್ನು ತೋರಿಸಿ ಜಗತ್ತನ್ನು ಬೆರಗುಗೊಳಿಸಿದನು. ಒಟ್ಟು ಐನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು. ಅವನಿಂದ ನೇರವಾಗಿ ಕಲಿತವರು ಕೆಲವರು. ಅವನ ಚಿತ್ರಗಳನ್ನು ಕದ್ದು ನಕಲು ಮಾಡಿದವರು ಅನೇಕರು. ಕಡೆಗೆ ಸಾಲದಲ್ಲಿ ಮುಳುಗಿ, ೧೯೨೩ರಲ್ಲಿ ತನ್ನ ಮೂಲ ಸುರುಳಿಗಳನ್ನು ತಾನೇ ಬೆಂಕಿಗೆ ಹಾಕಿದನು. ಆ ಬಳಿಕ ಮೋಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟದ ಸಾಮಾನುಗಳನ್ನು ಮಾರುತ್ತ ಕುಳಿತನು. ೧೯೩೮ರಲ್ಲಿ ತೀರಿಕೊಂಡನು. ಗುಟ್ಟಿನ ವಿದ್ಯೆಗೆ ಒಬ್ಬನೇ ಒಡೆಯನಿದ್ದರೆ ಅವನೊಡನೆ ಅದೂ ಬೂದಿಯಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಡ.

ಭಾರತದಲ್ಲಿ ಈ ವಿದ್ಯೆಯನ್ನು ತಂದ ದಾದಾಸಾಹೇಬ ಫಾಲ್ಕೆಯವರಾದರೋ ಶಾಲೆಯ ಮೆಟ್ಟಿಲನ್ನು ಹತ್ತಿಯೇ ಬಂದವರು. ೧೮೮೫ರಲ್ಲಿ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ, ಅನಂತರ ಬರೋಡೆಯ ಕಲಾಭವನ. ಗಾಯಕವಾಡ ಸಯಾಜಿರಾಯರ ಆಶ್ರಯದಲ್ಲಿ ೧೮೯೦ರಲ್ಲಿ ಪ್ರಾರಂಭವಾದ ಕಲಾಭವನವು ಬಡಗಿತನ, ಬಣ್ಣಗಾರಿಕೆ, ಮುದ್ರಣ, ಚಿತ್ರಕಲೆಗಳೆಲ್ಲವೂ ಒಂದೇ ಸೂರಿನ ಕೆಳಗೆ ಕಲಿಯತಕ್ಕ ವಿದ್ಯೆಗಳೆಂದು ಬಗೆದ ಸಂಸ್ಥೆ. ಫಾಲ್ಕೆಯವರು ಛಾಯಾಗ್ರಹಣವನ್ನೂ ಪ್ರತಿಮೆ ಮಾಡುವುದನ್ನೂ ಕಲಿತರು. ಮುಂದೆ ರಾಜಾ ರವಿವರ್ಮರ ಕಲ್ಲಚ್ಚಿನ ಮುದ್ರಣಾಲಯದಲ್ಲಿ ದುಡಿದರು. ಜರ್ಮನ್ ಯಕ್ಷಿಣಿಗಾರನೊಬ್ಬನಿಂದ ಕೈಚಳಕವನ್ನು ಕಲಿತು, ತಮ್ಮ ಹೆಸರನ್ನು ತಿರುವುಮುರುವು ಮಾಡಿ ‘ಪ್ರೊಫೆಸರ್ ಕೇಳ್ಫಾ’ ಎಂದು ಆಟಗಳನ್ನು ತೋರಿಸಿದ್ದೂ ಉಂಟು. ೧೯೧೨ರಲ್ಲಿ ಲಂಡನ್ನಿನಿಂದ ವಿಲಿಯಂಸನ್ ಕ್ಯಾಮರಾವನ್ನು ತಂದು ಅವರು ಮೊದಲು ತೆಗೆದ ಚಿತ್ರವು ಬಟಾಣಿಯ ಮೊಳಕೆಯದು. ಕುಂಡದಲ್ಲಿಟ್ಟ ಬೀಜವು ದಿನದಿನಕ್ಕೆ ಬೆಳೆದುದನ್ನು ಒಂದೊಂದೇ ಚಿತ್ರವಾಗಿ ಹಿಡಿದು, ವಾರಗಳ ಬೆಳೆವಣಿಗೆಯನ್ನು ತೆರೆಯ ಮೇಲೆ ಕ್ಷಣಗಳಲ್ಲಿ ತೋರಿಸಿದರು. ಹಣ ಹಾಕುವವರಿಗೆ ನಂಬಿಕೆ ಹುಟ್ಟಿದುದು ಆ ಮೊಳಕೆಯಿಂದ. ಮರುವರ್ಷ, ೧೯೧೩ರ ಮೇ ೩ರಂದು, ‘ರಾಜಾ ಹರಿಶ್ಚಂದ್ರ’ವು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಬೆಳಕು ಕಂಡಿತು; ೧೯೧೭ರಲ್ಲಿ ‘ಲಂಕಾದಹನ’, ೧೯೧೯ರಲ್ಲಿ ‘ಕಾಲಿಯಮರ್ದನ’. ಹಾರುವ ಹನುಮಂತನನ್ನೂ ಕಾಲಿಯನೊಡನೆ ಸೆಣಸುವ ಬಾಲಕೃಷ್ಣನನ್ನೂ ಕಂಡು ಜನರು ಕೈಮುಗಿದರು. ಪುರಾಣದಲ್ಲಿ ನಂಬಿಕೆಯಿದ್ದ ನಾಡಿನಲ್ಲಿ ಕಣ್ಕಟ್ಟಿಗೆ ಭಕ್ತಿಯ ಬೆಲೆ ಬಂದುದು ಸಹಜವೇ.

ಫಾಲ್ಕೆಯವರ ತರುವಾಯ ಶಾಲೆಯ ದಾರಿ ಮರೆಯಾಗಿ ಮತ್ತೆ ಕಮ್ಮಟದ ದಾರಿಯೇ ಮುಂದುವರಿಯಿತು. ಸೂರತ್ತಿನಲ್ಲಿ ಹುಟ್ಟಿದ ಬಾಬುಭಾಯಿ ಮಿಸ್ತ್ರಿಯವರಿಗೆ ದೊಡ್ಡ ಓದಿರಲಿಲ್ಲ. ೧೯೩೭ರ ‘ಖ್ವಾಬ್ ಕಿ ದುನಿಯಾ’ ಚಿತ್ರದಲ್ಲಿ ಕರಿಯ ಹಿನ್ನೆಲೆಯ ಮುಂದೆ ಕರಿಯ ದಾರಗಳಿಂದ ವಸ್ತುಗಳನ್ನು ಆಡಿಸಿ, ಅದೃಶ್ಯ ಮನುಷ್ಯನೊಬ್ಬನು ಅವನ್ನು ಎತ್ತಿ ಇಡುತ್ತಿರುವಂತೆ ತೋರಿಸಿದರು. ‘ಕಾಲಾ ಧಾಗಾ’, ಎಂದರೆ ಕರಿದಾರ, ಎಂಬುದು ಅವರ ಅಡ್ಡಹೆಸರಾಗಿ ನಿಂತಿತು. ಇಂಥ ಉಪಾಯಗಳನ್ನು ಕಲಿಯಬೇಕಾದರೆ ಉಸ್ತಾದರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು. ಅವರು ಮನಸ್ಸು ಮಾಡಿದಂದು ಒಂದು ಗುಟ್ಟು ದೊರೆಯುವುದು.

ಅಮೆರಿಕದಲ್ಲಿಯೂ ಆಗಿನ ಸ್ಥಿತಿಯು ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ೧೯೩೩ರಲ್ಲಿ ‘ಕಿಂಗ್ ಕಾಂಗ್’ ಬಂದಿತು. ದೈತ್ಯಕಪಿಯನ್ನು ಆಡಿಸಿದ ವಿಲಿಸ್ ಓಬ್ರಿಯನ್ ಎಂಬವನು ದನಗಾಹಿಯಾಗಿ, ಅಮೃತಶಿಲೆಯ ಕೆಲಸದವನಾಗಿ, ಪತ್ರಿಕೆಯ ವ್ಯಂಗ್ಯಚಿತ್ರಕಾರನಾಗಿ ಊರೂರು ಸುತ್ತಿ ಬಂದವನು. ಉಕ್ಕಿನ ಕೀಲುಗಳ ಎಲುಬುಗೂಡಿಗೆ ರಬ್ಬರಿನ ಮೈಯನ್ನು ಹೊದಿಸಿ, ಕೂದಲೆಳೆಯಷ್ಟು ಕದಲಿಸಿ ಒಂದು ಚಿತ್ರ, ಮತ್ತಷ್ಟು ಕದಲಿಸಿ ಇನ್ನೊಂದು ಚಿತ್ರ, ಹೀಗೆ ತೆರೆಯ ಮೇಲಿನ ಒಂದು ಸೆಕೆಂಡಿಗೆ ೨೪ ಚಿತ್ರಗಳನ್ನು ತೆಗೆಯುವುದು ಅವನ ಕ್ರಮ. ಆ ಚಿತ್ರವನ್ನು ಹದಿಮೂರನೆಯ ವಯಸ್ಸಿನಲ್ಲಿ ನೋಡಿದ ರೇ ಹ್ಯಾರಿಹೌಸೆನ್ ಎಂಬ ಬಾಲಕನು ಅದನ್ನು ಮರೆಯಲಾರದೆ ಹೋದನು. ಮನೆಯಲ್ಲಿಯೇ ಪ್ರಾಚೀನ ಮೃಗಗಳ ಗೊಂಬೆಗಳನ್ನು ಮಾಡುತ್ತ ಬೆಳೆದು, ಕೆಲವು ವರ್ಷಗಳ ಮೇಲೆ ತನ್ನ ಸ್ಟೆಗೊಸಾರಸ್ ಗೊಂಬೆಯನ್ನು ಎತ್ತಿಕೊಂಡು ಓಬ್ರಿಯನ್ನನ ಬಳಿಗೆ ಹೋದನು. ಹಿರಿಯನು ಅದನ್ನು ನೋಡಿ, ಕಾಲುಗಳು ಸುಕ್ಕುಗಟ್ಟಿದ ಮಾಂಸದ ಕಡುಬುಗಳಂತಿವೆ, ಮೊದಲು ಹೋಗಿ ಅಂಗರಚನಾಶಾಸ್ತ್ರವನ್ನು ಕಲಿ, ಸ್ನಾಯುಗಳು ಎಲ್ಲಿ ಎಲುಬಿಗೆ ಅಂಟುವುವೆಂದು ತಿಳಿ ಎಂದನಂತೆ. ತನ್ನ ಯಂತ್ರದ ಗುಟ್ಟನ್ನು ಹೇಳುವುದಕ್ಕೆ ಬದಲಾಗಿ ಶಾಲೆಗೆ ಹೋಗೆಂದು ಹೇಳಿದುದು ಗಮನಾರ್ಹವಾದ ಮಾತು. ಹ್ಯಾರಿಹೌಸೆನ್ನನು ಲಾಸ್ ಏಂಜಲೀಸ್ ಸಿಟಿ ಕಾಲೇಜಿನಲ್ಲಿ ಕಲೆಯನ್ನೂ ಅಂಗರಚನೆಯನ್ನೂ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಾತ್ರಿ ತರಗತಿಗಳಲ್ಲಿ ಚಲಚ್ಚಿತ್ರದ ಕೆಲಸವನ್ನೂ ಕಲಿತನು. ಕಣ್ಕಟ್ಟಿಗಾಗಿ ವಿಶ್ವವಿದ್ಯಾನಿಲಯದ ಬಾಗಿಲನ್ನು ತಟ್ಟಿದ ಮೊದಲಿಗರಲ್ಲಿ ಅವನೊಬ್ಬನು. ೧೯೬೩ರ ಅವನ ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ವೀರರೊಡನೆ ಕಾದಾಡುವ ಕೆಲವು ನಿಮಿಷಗಳ ದೃಶ್ಯಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಷ್ಟಾದರೂ ತನ್ನ ಕೆಲಸದ ಕೋಣೆಗೆ ಅನ್ಯರನ್ನು ಬಿಟ್ಟುಕೊಳ್ಳುವುದರಲ್ಲಿ ಅವನೂ ಜಿಪುಣನೇ.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆದ ಕಾರ್ಯವೊಂದನ್ನು ಇಲ್ಲಿ ನೆನೆಯುವುದು ಉಚಿತ. ೧೯೪೩ರಲ್ಲಿ ಬೆಂಗಳೂರಿನಲ್ಲಿ ಕೈಕಸುಬುಗಳ ಶಿಕ್ಷಣಕ್ಕೆಂದು ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. ಮುಂದೆ ಅದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾಯಿತು. ಅಲ್ಲಿ ಚಲಚ್ಚಿತ್ರ ಛಾಯಾಗ್ರಹಣವನ್ನು ಪಾಠವಾಗಿ ಇಟ್ಟರು. ಪೂನಾ ನಗರದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟು ಹುಟ್ಟುವುದಕ್ಕೆ (೧೯೬೦) ಹದಿನೇಳು ವರ್ಷ ಮೊದಲಿನ ಮಾತಿದು. ಮೈಸೂರಿನ ಪಿಟೀಲುವಾದಕ ತರುಣ ವಿ. ಕೆ. ಮೂರ್ತಿಯವರು ೧೯೪೬ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ೧೯೫೯ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಬರಿದಾದ ಚಿತ್ರಶಾಲೆಯ ಮಾಡಿನಿಂದ ಇಳಿಯುವ ಬೆಳಕಿನ ಕೋಲು ಅವರ ಕೃತಿ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ಹಾಯಿಸಿ ಅದನ್ನು ಸಾಧಿಸಿದರು. ಅದರಲ್ಲಿ ಬಚ್ಚಿಡುವ ಗುಟ್ಟೇನೂ ಇಲ್ಲ. ಬೆಳಕಿನ ನಡೆಯನ್ನು ಬಲ್ಲ ಕಣ್ಣು ಇದೆ. ಅದೇ ಸಂಸ್ಥೆಯಲ್ಲಿ ಓದಿದ ಗೋವಿಂದ ನಿಹಲಾನಿಯವರು ಮೂರ್ತಿಯವರಿಗೆ ಸಹಾಯಕರಾಗಿ ದುಡಿದು ಬೆಳೆದರು. ೨೦೦೮ನೆಯ ವರ್ಷದ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯು ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದುದು ಅದೇ ಮೊದಲು.

ವಿದ್ಯೆಯು ನಿಜವಾಗಿ ಬಯಲಾದುದು ಚಲಚ್ಚಿತ್ರದ ಸೋಂಕೇ ಇಲ್ಲದ ಒಂದು ಎಡೆಯಲ್ಲಿ. ಅಮೆರಿಕದ ಯೂಟಾ ಪ್ರಾಂತದ ಸಾಲ್ಟ್ ಲೇಕ್ ಸಿಟಿಯ ವಿಶ್ವವಿದ್ಯಾನಿಲಯದಲ್ಲಿ ಡೇವಿಡ್ ಇವಾನ್ಸ್ ಎಂಬವನು ೧೯೬೫ರಿಂದ ಗಣಕಶಾಸ್ತ್ರ ವಿಭಾಗವನ್ನು ಕಟ್ಟತೊಡಗಿದನು. ೧೯೬೮ರಲ್ಲಿ ಐವನ್ ಸದರ್‌ಲೆಂಡ್ ಅವನ ಜೊತೆಗೂಡಿದನು. ಹಣವು ದೇಶದ ರಕ್ಷಣಾ ಇಲಾಖೆಯಿಂದ ಬಂದಿತು. ಅವರೆದುರಿಗಿದ್ದ ಪ್ರಶ್ನೆಯು ಕೇಳಲು ಸರಳ: ಎಣಿಕೆಯ ಯಂತ್ರವು ವಸ್ತುವಿನ ಚಿತ್ರವನ್ನು ಬರೆಯಬಲ್ಲುದೆ? ೧೯೭೨ರಲ್ಲಿ ವಿದ್ಯಾರ್ಥಿಗಳು ಸದರ್‌ಲೆಂಡನ ಹೆಂಡತಿಯ ಫೋಕ್ಸ್‌ವ್ಯಾಗನ್ ಕಾರಿನ ಮೈಮೇಲೆ ಗೆರೆಗಳನ್ನೆಳೆದು, ಅಳತೆಗೋಲು ಹಿಡಿದು ಅಂಗುಲ ಅಂಗುಲವಾಗಿ ಅಳೆದರು. ಆ ತಾಯಿಯ ತಾಳ್ಮೆಯನ್ನು ಯಾವ ಪ್ರೌಢಪ್ರಬಂಧವೂ ದಾಖಲೆ ಮಾಡಿಲ್ಲ.

ಅಲ್ಲಿನ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ಗಂಟನ್ನು ಬಿಡಿಸಿದನು. ಯಂತ್ರವು ಉರುಟಾದ ಕೆನ್ನೆಯನ್ನು ಸಣ್ಣ ಸಣ್ಣ ಚಪ್ಪಟೆ ಫಲಕಗಳಾಗಿ ಒಡೆದು ಬರೆಯುತ್ತಿತ್ತು. ಆನ್ರಿ ಗೂರೋ ಎಂಬ ಫ್ರೆಂಚ್ ತರುಣನು ತನ್ನ ಹೆಂಡತಿಯ ಮುಖದ ಮೇಲೆಯೇ ಗೆರೆಗಳನ್ನು ಬರೆದು ಅಳೆದು, ಫಲಕಗಳ ಅಂಚು ಕಾಣದಂತೆ ಛಾಯೆಯನ್ನು ನಯವಾಗಿ ಹರಡುವ ಗಣಿತವನ್ನು ೧೯೭೧ರಲ್ಲಿ ಕೊಟ್ಟನು. ಬೆಳಗಿದ ತಾಮ್ರದ ಚೊಂಬಿನ ಮೇಲೆ ಬಿಸಿಲು ಬಿದ್ದಾಗ ಒಂದೆಡೆ ಹೊಳಪು ಚುಕ್ಕೆಯಾಗಿ ನಿಲ್ಲುವುದಷ್ಟೆ. ಆ ಹೊಳಪಿನ ಲೆಕ್ಕವನ್ನು ವಿಯೆಟ್ನಾಮಿನ ಬುಯಿ ತ್ಯೂಂಗ್ ಫಾಂಗ್ ೧೯೭೩ರಲ್ಲಿ ಬರೆದನು. ಎರಡೇ ವರ್ಷಗಳಲ್ಲಿ, ಮೂವತ್ತಮೂರರ ಆಸುಪಾಸಿನಲ್ಲಿ, ಅವನು ತೀರಿಕೊಂಡನು. ಅವನ ಹೆಸರು ಮಾತ್ರ ಇಂದಿಗೂ ಜಗತ್ತಿನ ಎಲ್ಲ ತರಗತಿಗಳಲ್ಲಿ ದಿನವೂ ಉಚ್ಚಾರವಾಗುತ್ತಿದೆ. ೧೯೭೫ರಲ್ಲಿ ಮಾರ್ಟಿನ್ ನ್ಯೂಯೆಲ್ ಮನೆಯ ಚಹದ ಪಾತ್ರೆಯನ್ನು ಅಂಕಿಗಳಾಗಿ ಬರೆದಿಟ್ಟು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟನು. ಅಂಗಡಿಯಿಂದ ಕೊಂಡ ಆ ಸಾಮಾನ್ಯ ಪಾತ್ರೆ ಈಗ ಕ್ಯಾಲಿಫೋರ್ನಿಯಾದ ಗಣಕಯಂತ್ರ ವಸ್ತುಸಂಗ್ರಹಾಲಯದಲ್ಲಿದೆ.

ಇವರೆಲ್ಲರ ನಡುವೆ ಎಡ್ವಿನ್ ಕ್ಯಾಟ್ಮಲ್ ಎಂಬವನು ಬಾಲ್ಯದಲ್ಲಿ ಡಿಸ್ನಿಯ ಚಿತ್ರಗಾರನಾಗಬೇಕೆಂದಿದ್ದವನು. ಕೈಯಲ್ಲಿ ಅಷ್ಟು ಚಿತ್ರಶಕ್ತಿಯಿಲ್ಲವೆಂದು ತಿಳಿದು ಭೌತಶಾಸ್ತ್ರದ ಕಡೆಗೆ ತಿರುಗಿದನು. ೧೯೭೨ರಲ್ಲಿ ತನ್ನ ಎಡಗೈಯ ಗಾರೆಯ ಅಚ್ಚನ್ನು ತೆಗೆದು, ಅದರ ಮೇಲೆ ಸುಮಾರು ೩೫೦ ಫಲಕಗಳನ್ನು ಬರೆದು ಅಳೆದು, ತೆರೆಯ ಮೇಲೆ ಬೆರಳುಗಳನ್ನು ಮಡಿಸಿ ಬಿಡಿಸುವ ಕೈಯನ್ನು ತೋರಿಸಿದನು. ೧೯೭೪ರ ಅವನ ಪ್ರೌಢಪ್ರಬಂಧದಲ್ಲಿನ ಎರಡು ಉಪಾಯಗಳು ಇಂದಿನ ಕಣ್ಕಟ್ಟಿಗೆಲ್ಲ ಅಡಿಗಲ್ಲು. ದಸರೆಯ ಮೆರವಣಿಗೆಯಲ್ಲಿ ಮುಂದೆ ನಿಂತವನು ಹಿಂದಿನವನನ್ನು ಮರೆಮಾಡುವನು. ಯಂತ್ರಕ್ಕೆ ಇದು ತಾನಾಗಿ ತಿಳಿಯದು. ತೆರೆಯ ಪ್ರತಿಯೊಂದು ಚುಕ್ಕೆಯೂ ತನ್ನಲ್ಲಿ ಬರೆದ ವಸ್ತುವು ಎಷ್ಟು ದೂರದ್ದೆಂದು ಲೆಕ್ಕವಿಟ್ಟುಕೊಂಡು, ಹತ್ತಿರದ್ದು ಬಂದರೆ ಮಾತ್ರ ಎಡೆಗೊಡಲಿ ಎಂಬುದು ಮೊದಲನೆಯ ಉಪಾಯ. ಗೊಂಬೆಗೆ ಪತ್ತಲವನ್ನು ಉಡಿಸುವಂತೆ ಒಂದು ಚಪ್ಪಟೆ ಚಿತ್ರವನ್ನು ಉರುಟಾದ ಆಕೃತಿಗೆ ಹೊದಿಸುವುದು ಎರಡನೆಯದು.

ಮಹತ್ತ್ವದ ಸಂಗತಿಯೆಂದರೆ ಇವೆಲ್ಲವೂ ಪ್ರಬಂಧಗಳಾಗಿ ಗ್ರಂಥಾಲಯಗಳಲ್ಲಿ ಕುಳಿತುವು. ೧೯೭೪ರಲ್ಲಿ ಕೊಲೊರಾಡೊದಲ್ಲಿ ಸಿಗ್‌ಗ್ರಾಫ್ ಸಮ್ಮೇಲನವು ಮೊದಲಾಯಿತು. ಅಂದಿನಿಂದ ವರ್ಷವರ್ಷವೂ ಕಂಡುಹಿಡಿದುದನ್ನು ಎಲ್ಲರ ಮುಂದೆ ಹೇಳುವುದು ವಾಡಿಕೆಯಾಯಿತು. ಕ್ಯಾಟ್ಮಲ್ಲನು ನ್ಯೂಯಾರ್ಕಿಗೆ ಹೋಗಿ, ೧೯೭೯ರಲ್ಲಿ ಲ್ಯೂಕಾಸನ ಸಂಸ್ಥೆಯನ್ನು ಸೇರಿ, ೧೯೮೬ರಲ್ಲಿ ಪಿಕ್ಸಾರನ್ನು ಕಟ್ಟಿದವರಲ್ಲಿ ಒಬ್ಬನಾದ ಮೇಲೂ ತನ್ನವರ ಶೋಧನೆಗಳನ್ನು ಪ್ರಕಟಿಸುವ ಪದ್ಧತಿಯನ್ನು ಬಿಡಲಿಲ್ಲ. ಗುಟ್ಟನ್ನು ಕಾಯುವುದಕ್ಕಿಂತ ಗುಟ್ಟನ್ನು ಬಲ್ಲವರನ್ನು ಕೂಡಿಸುವುದು ಮೇಲೆಂಬುದು ಅವನ ಎಣಿಕೆ. ಮೆಲಿಯೆಸನಿಗೂ ಕ್ಯಾಟ್ಮಲ್ಲನಿಗೂ ನಡುವಣ ಅಂತರವೆಲ್ಲ ಇಲ್ಲಿದೆ. ವಿಜ್ಞಾನಿಗಳಷ್ಟೇ ಅಲ್ಲದೆ ಕಲೆಯವರೂ ಈ ಕಡೆಗೆ ಬಂದರೆಂಬುದಕ್ಕೆ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಸೂರಿ ಸಾಕ್ಷಿ. ೧೯೪೨ರಲ್ಲಿ ಅದೇ ವಿದ್ಯಾನಿಲಯದ ಕಾಲ್ಚೆಂಡಿನ ತಂಡದಲ್ಲಿ ಆಟಗಾರನಾಗಿದ್ದು, ಆಮೇಲೆ ಚಿತ್ರಕಲೆಯ ಅಧ್ಯಾಪಕನಾಗಿ, ೧೯೬೭ರಲ್ಲಿ ಗಣಕಯಂತ್ರದಿಂದ ಹೂವಕ್ಕಿಯನ್ನು ಹಾರಿಸಿದವನು ಅವನು.

೧೯೭೫ರಲ್ಲಿ ಜಾರ್ಜ್ ಲ್ಯೂಕಾಸನು ‘ಸ್ಟಾರ್ ವಾರ್ಸ್’ ಚಿತ್ರಕ್ಕೆಂದು ಕಣ್ಕಟ್ಟಿನ ಕಾರ್ಖಾನೆಯನ್ನು ತೆರೆದಾಗ ಜಾನ್ ಡೈಕ್‌ಸ್ಟ್ರಾನನ್ನು ಮುಖ್ಯಸ್ಥನನ್ನಾಗಿ ಇಟ್ಟನು. ಅವನು ಕಾಲೇಜಿನಲ್ಲಿ ಕೈಗಾರಿಕಾ ವಿನ್ಯಾಸವನ್ನು ಓದಿದವನು. ಅಲ್ಲಿಂದ ಹದಿನೆಂಟು ವರ್ಷಕ್ಕೆ, ೧೯೯೩ರಲ್ಲಿ, ‘ಜುರಾಸಿಕ್ ಪಾರ್ಕ್’ ಬಂದಿತು. ಅದರ ಮೃಗಗಳನ್ನು ಗೊಂಬೆಗಳಾಗಿ ಆಡಿಸುವ ಹೊಣೆಯು ಮೊದಲು ಫಿಲ್ ಟಿಪೆಟ್ ಎಂಬ ಕುಶಲನಿಗೆ ಸೇರಿತ್ತು. ಗಣಕಯಂತ್ರದವರು ಮಾಡಿ ತೋರಿಸಿದ ಓಡುವ ಮೃಗವನ್ನು ಕಂಡಾಗ ಅವನು, ಇನ್ನು ನಾನೂ ಆ ಪ್ರಾಣಿಗಳಂತೆ ಅಳಿದೆ ಎಂದನೆಂದು ಪ್ರಸಿದ್ಧಿ. ಆದರೆ ಯಂತ್ರವನ್ನು ಬಲ್ಲ ತರುಣರಿಗೆ ಮೃಗವು ಹೆಜ್ಜೆಯಿಡುವಾಗ ಮೈಭಾರವು ಎತ್ತ ಜಾರುವುದೆಂಬುದು ತಿಳಿಯದು. ಟಿಪೆಟ್ಟನನ್ನೇ ಅವರಿಗೆ ಮೇಲ್ವಿಚಾರಕನನ್ನಾಗಿ ಉಳಿಸಿಕೊಂಡರು; ಆ ವರ್ಷದ ಆಸ್ಕರ್ ಪಾರಿತೋಷಕದಲ್ಲಿ ಅವನಿಗೂ ಪಾಲು ಬಂದಿತು. ಓಬ್ರಿಯನ್ನನು ಹೇಳಿದ ಅಂಗರಚನೆಯ ಪಾಠವು ರಬ್ಬರಿನಿಂದ ಗಣಿತಕ್ಕೆ ಹೀಗೆ ದಾಟಿತು.

ವಿಶ್ವವಿದ್ಯಾನಿಲಯಗಳ ಪಾಠಕ್ರಮವು ರೂಪುಗೊಂಡುದು ಈ ದಾಟಿನ ಆಚೀಚೆಯ ವರ್ಷಗಳಲ್ಲಿ. ಇಂಗ್ಲೆಂಡಿನ ಬೋರ್ನ್‌ಮತ್ ನಗರದಲ್ಲಿ ೧೯೮೯ರಲ್ಲಿ ಸ್ಥಾಪಿತವಾದ ಗಣಕ ಆ್ಯನಿಮೇಷನ್ನಿನ ರಾಷ್ಟ್ರೀಯ ಕೇಂದ್ರವು ಗಣಿತವನ್ನೂ ಚಿತ್ರಲೇಖನವನ್ನೂ ಒಬ್ಬನೇ ವಿದ್ಯಾರ್ಥಿಯ ತಲೆಗೆ ಕಟ್ಟಿತು. ಒಳ್ಳೆಯ ಸಂಸ್ಥೆಗಳಲ್ಲೆಲ್ಲ ಇದೇ ಕ್ರಮ. ಬರಿಯ ಸಾಫ್ಟ್‌ವೇರಿನ ಗುಂಡಿಗಳನ್ನು ಕಲಿಸುವ ಅಂಗಡಿಗಳು ಊರೂರಿಗೂ ಹುಟ್ಟಿಕೊಂಡಿವೆ. ಐದಾರು ವರ್ಷಕ್ಕೆ ಗುಂಡಿಗಳು ಬದಲಾದಾಗ ಅಲ್ಲಿ ಕಲಿತವನ ಪಾಡು ಹೇಳತೀರದು. ಇನ್ನು, ಕೆಲಸ ಕೊಡುವವರು ಮೊದಲು ಕೇಳುವುದು ಪದವಿಯ ಪತ್ರವನ್ನಲ್ಲ, ವಿದ್ಯಾರ್ಥಿಯು ತಾನು ಮಾಡಿದುದನ್ನು ಒಂದೆರಡು ನಿಮಿಷಗಳಲ್ಲಿ ತೋರಿಸುವ ಸುರುಳಿಯನ್ನು. ಹ್ಯಾರಿಹೌಸೆನ್ನನ ಕಂಕುಳಿನ ಗೊಂಬೆಗೆ ಅದು ಮೊಮ್ಮಗು.

ವಿದ್ಯೆಯು ಬಯಲಾದುದರಿಂದ ಲೋಕಕ್ಕೆ ಲಾಭವಾಯಿತು. ವಿದ್ಯಾವಂತನಿಗೆ ಆದುದೇನು? ಗುಟ್ಟನ್ನು ಕಾಯುತ್ತಿದ್ದ ಉಸ್ತಾದನು ತನ್ನ ಕೂಲಿಯನ್ನು ತಾನೇ ಹೇಳುತ್ತಿದ್ದನು. ಎಲ್ಲರೂ ಬಲ್ಲ ವಿದ್ಯೆಯನ್ನು ಯಾವ ದೇಶದಲ್ಲಿ ಅಗ್ಗವೋ ಅಲ್ಲಿ ಕೊಳ್ಳಬಹುದು. ಚಿತ್ರ ತೆಗೆಯುವವರು ಇಂತಿಷ್ಟೆಂದು ಗುತ್ತಿಗೆಯನ್ನು ಗೊತ್ತುಮಾಡುವರು. ನಿರ್ದೇಶಕನು ಹತ್ತು ಬಾರಿ ಮನಸ್ಸು ಬದಲಾಯಿಸಿದರೂ ಹೆಚ್ಚಿನ ವೆಚ್ಚವು ಕಣ್ಕಟ್ಟಿನ ಕಾರ್ಖಾನೆಯ ತಲೆಯ ಮೇಲೆ ಬೀಳುವುದೇ ಹೆಚ್ಚು. ಇದರ ಫಲವು ೨೦೧೩ರಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ, ಮುಂಬಯಿ ಹೈದರಾಬಾದುಗಳಲ್ಲಿಯೂ ಶಾಖೆಗಳಿದ್ದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆಯು ಆ ಫೆಬ್ರವರಿಯಲ್ಲಿ ದಿವಾಳಿಯೆಂದು ನ್ಯಾಯಾಲಯಕ್ಕೆ ಹೋಯಿತು. ಎರಡು ವಾರ ಕಳೆದು, ಅದೇ ಹುಲಿಗೆ ಆಸ್ಕರ್ ಬಂದಿತು. ಒಳಗೆ ಬಿಲ್ ವೆಸ್ಟೆನ್‌ಹೋಫರ್ ಪಾರಿತೋಷಕವನ್ನು ಹಿಡಿದು ತನ್ನವರ ಕಷ್ಟವನ್ನು ಹೇಳಹೊರಟಾಗ ವಾದ್ಯವು ಮೊಳಗಿ ಮಾತು ಅಡಗಿತು; ಹೊರಗೆ ಬೀದಿಯಲ್ಲಿ ಅವನ ವೃತ್ತಿಯ ನೂರಾರು ಮಂದಿ ಪ್ರತಿಭಟಿಸುತ್ತ ನಿಂತಿದ್ದರು. ಆ ಚಿತ್ರವು ಜಗತ್ತಿನಲ್ಲಿ ಗಳಿಸಿದುದು ಅರುವತ್ತು ಕೋಟಿ ಡಾಲರಿಗೂ ಮಿಕ್ಕು.

ಬೆಂಗಳೂರಿಗೂ ಈ ಬಿಸಿ ತಾಗದೆ ಹೋಗಲಿಲ್ಲ. ಕರ್ನಾಟಕ ಸರ್ಕಾರವು ೨೦೧೨ರಲ್ಲಿಯೇ ಈ ಕೈಗಾರಿಕೆಗೆಂದು ನೀತಿಯೊಂದನ್ನು ಪ್ರಕಟಿಸಿತು. ಟೆಕ್ನಿಕಲರ್ ಸಮೂಹದ ದೊಡ್ಡ ಕೆಲಸದ ಮನೆಗಳು ನಗರದಲ್ಲಿದ್ದುವು. ನಟನ ಅಂಚನ್ನು ಚಿತ್ರಚಿತ್ರಕ್ಕೂ ಕೊರೆದು ಬೇರ್ಪಡಿಸುವುದು, ಕಟ್ಟಿದ ತಂತಿಗಳನ್ನು ಅಳಿಸುವುದು, ಹತ್ತು ಸೆಕೆಂಡಿಗೆ ೨೪೦ ಚಿತ್ರಗಳಂತೆ ಲೆಕ್ಕ ಹಾಕಿದರೆ ಎಂಥ ತಪಸ್ಸೆಂದು ವಾಚಕರೇ ಊಹಿಸಬಹುದು. ಆ ಕೆಲಸದ ಬಹುಪಾಲು ಭಾರತಕ್ಕೆ ಬರುತ್ತಿತ್ತು; ಈಚೆಗೆ ಅದನ್ನೂ ಯಂತ್ರಕ್ಕೇ ಕಲಿಸುವ ಯತ್ನವು ನಡೆದಿದೆ. ೨೦೨೫ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹವು ಕುಸಿದು ಬಿದ್ದಾಗ ಭಾರತದಲ್ಲಿ ಸಾವಿರಾರು ಮಂದಿ, ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು, ಕೆಲವೇ ದಿನಗಳಲ್ಲಿ ಕೆಲಸವನ್ನು ಕಳೆದುಕೊಂಡರು. ಅವರಲ್ಲಿ ಪದವಿಯುಳ್ಳವರೂ ಇದ್ದರು, ಇಲ್ಲದವರೂ ಇದ್ದರು. ಆ ದಿನ ಇಬ್ಬರಿಗೂ ಭೇದವಾಗಲಿಲ್ಲ.

ಇನ್ನು ಫಿಲ್ ಟಿಪೆಟ್ಟನ ವಿಷಯ. ‘ಜುರಾಸಿಕ್ ಪಾರ್ಕ್’ ಬರುವುದಕ್ಕೆ ಮೊದಲೇ ಅವನು ಗೊಂಬೆಗಳಿಂದ ‘ಮ್ಯಾಡ್ ಗಾಡ್’ ಎಂಬ ಸ್ವಂತ ಚಿತ್ರವನ್ನು ಮೊದಲುಮಾಡಿ, ಯಂತ್ರದ ಯುಗ ಬಂದಿತೆಂದು ಅರ್ಧಕ್ಕೆ ಕಟ್ಟಿಟ್ಟಿದ್ದನು. ಎಷ್ಟೋ ವರ್ಷಗಳ ಮೇಲೆ, ಗಣಕಯಂತ್ರದ ಮುಂದೆ ದುಡಿಯುತ್ತಿದ್ದ ಅವನ ಕಾರ್ಖಾನೆಯ ತರುಣರು ಆ ಪೆಟ್ಟಿಗೆಗಳನ್ನು ಕಂಡು, ಗೊಂಬೆಯಾಡಿಸುವುದನ್ನು ತಮಗೆ ಕಲಿಸಬೇಕೆಂದು ಕೇಳಿದರು. ಅವರೂ ಕೆಲವು ವಿದ್ಯಾರ್ಥಿಗಳೂ ರಜಾದಿನಗಳಲ್ಲಿ ಸಂಬಳವಿಲ್ಲದೆ ಬಂದು, ಕೀಲು ಕೀಲನ್ನೂ ಕದಲಿಸಿ, ಒಂದೊಂದೇ ಚಿತ್ರವಾಗಿ ಅದನ್ನು ಮುಗಿಸಿಕೊಟ್ಟರು. ೨೦೨೧ರಲ್ಲಿ ಅದು ಪ್ರದರ್ಶಿತವಾಯಿತು.